ಕ್ಯಾಸೆಟ್ಟಿನ ಕಿವಿ

ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ನಮ್ಮ ಯಜಮಾನರು ಕಿವಿ ಎನ್ನುತ್ತಿದ್ದರು. ಸ್ಕ್ರೂಡ್ರೈವರ್ ತುದಿಯಿಂದ ಕಿವಿ ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡಲು ಬರುವುದಿಲ್ಲ. ಟೇಪ್‌ರೆಕಾರ್ಡರಿನ ಕೆಂಪು ಬಟನ್ ಕೆಳಗೆ ಹೋಗುವುದೇ ಇಲ್ಲ. ಮುರಿಯದೆ ಬಿಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ತುಂಬಿಸಿಕೊಳ್ಳಬಹುದು. ಹೊಸದು ಕೂತ ಕಡೆ ಹಳೆಯದು ಅಳಿಸಿಹೋಗುತ್ತದೆ. ಉಗ್ರಪ್ಪನ ವಿಷಯ ಹೇಳಬೇಕಾದರೆ ಇದನ್ನು ಮೊದಲು ಹೇಳಬೇಕು.

ಉಗ್ರಪ್ಪ ತುರುವನೂರಿನ ಕುರಿ ಸಾಕುವ ಮನೆಯವನು. ಅವನ ತಂದೆ ಕೆಂಚಪ್ಪನಿಗೆ ಎಂಬತ್ತು ಕುರಿಗಳಿದ್ದವು. ಸಂಜೆ ಹೊಲದ ಬದುವಿನ ಮೇಲೆ ನಿಂತು ಕೆಂಚಪ್ಪ ಒಂದು ಸಲ ಕೂಗಿದರೆ ಹಳ್ಳದ ಆಚೆ ಮೇಯುವ ಅವನ ಕುರಿಗಳು ತಲೆ ಎತ್ತಿ ತಿರುಗುತ್ತಿದ್ದವು. ಪಕ್ಕದಲ್ಲೇ ಮೇಯುವ ಬೇರೆಯವರ ಕುರಿ ತಿರುಗುತ್ತಿರಲಿಲ್ಲ. ಆ ಕೂಗು ಕೆಳಗಿನಿಂದ ಹೊರಟು, ನಡುವೆ ಒಂದು ಕಡೆ ಸೀಳಿದಂತಾಗಿ, ಕೊನೆಗೆ ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು. ಕೆಂಚಪ್ಪ ಅದನ್ನು ಮಗನಿಗೆ ಕಲಿಸಲಿಲ್ಲ. ಕೇಳಿ ಕೇಳಿ ಮಗನಿಗೂ ಬಂತು.

ಉಗ್ರಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲಾಗಿ ದುರ್ಗಕ್ಕೆ ಬಂದ. ನಮ್ಮ ಯಜಮಾನರು ಮೂರ್ತಪ್ಪನವರದು ಆಗ ಕ್ಯಾಸೆಟ್ ಅಂಗಡಿ. ಕೇಳಿದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವುದು, ಟೇಪ್‌ರೆಕಾರ್ಡರ್ ರಿಪೇರಿ ಮಾಡುವುದು ಕೆಲಸ. ರಿಪೇರಿಗೆ ಉಗ್ರಪ್ಪ ಸೇರಿಕೊಂಡ. ಕೈ ಸೂಕ್ಷ್ಮವಿತ್ತು. ಕೂದಲಿನಂಥ ತಂತಿಯನ್ನು ಕಣ್ಣಿಗೆ ಹತ್ತಿರ ಹಿಡಿಯದೆ ಬೆಸುಗೆ ಹಾಕುತ್ತಿದ್ದ. ನಾನು ಮನೆಗೆಲಸ ಮುಗಿಸಿಕೊಂಡು ಅಂಗಡಿಗೆ ಹೋಗಿ ಕ್ಯಾಸೆಟ್ಟುಗಳಿಗೆ ಚೀಟಿ ಬರೆದು ಅಂಟಿಸುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಮದುವೆಯಾದ ಮೇಲೆ ಯಜಮಾನರೇ ಮತ್ತೆ ಅಕ್ಷರ ತಿದ್ದಿಸಿದ್ದರು. ದಪ್ಪಗೆ, ನಿಧಾನವಾಗಿ ಬರೆಯುತ್ತಿದ್ದೆ. ಒತ್ತಕ್ಷರ ಮಾತ್ರ ಒಮ್ಮೊಮ್ಮೆ ಬಿಟ್ಟುಹೋಗುತ್ತಿತ್ತು.

ಹೊಸದುರ್ಗದ ಗೊಬ್ಬರದಂಗಡಿಯವರ ಮಗ ಗುರುರಾಜ್ ಆಗ ದಾವಣಗೆರೆಯಲ್ಲಿ ಓದುತ್ತಿದ್ದ. ಅಲ್ಲಿಂದ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು ತಂದು ನಮ್ಮಲ್ಲಿ ಕಾಪಿ ಮಾಡಿಸುತ್ತಿದ್ದ. ಅದರ ಮೇಲೆ ಹೆವಿ ಮೆಟಲ್ ಎಂದು ಬರೆಯಬೇಕಿತ್ತು. ಹಾಗೆಂದರೇನು ಎಂದು ಕೇಳಿದೆ.

"ಭಾರದ ಲೋಹ ಅಂತ ಅಕ್ಕ," ಎಂದ.

"ಗುಜರಿಯವರ ಹಾಡೇನಪ್ಪ?"

"ಕೇಳಿದ್ರೆ ಹಂಗೇ ಅನ್ಸತೈತೆ," ಎಂದು ನಮ್ಮ ಯಜಮಾನರು ಒಳಗಿನಿಂದ ಹೇಳಿದರು.

ಆದರೆ ಉಗ್ರಪ್ಪ ರಿಪೇರಿ ಮಾಡುತ್ತಿದ್ದ ಕೈ ನಿಲ್ಲಿಸಿ ಕೇಳಿದ. ಆ ಹಾಡಿನಲ್ಲಿ ಒಬ್ಬ ಗಂಟಲ ಆಳದಿಂದ ಗುರುಗುಟ್ಟುತ್ತಿದ್ದ. "ಇದೇನು ಮಹಾ," ಎಂದು ಉಗ್ರಪ್ಪ ಅದಕ್ಕಿಂತ ಕೆಳಗಿನ ದನಿಯಲ್ಲಿ ಗುರುಗುಟ್ಟಿ ತೋರಿಸಿದ. ತೋಳ ಬಂದಾಗ ಅವರ ಹಟ್ಟಿಯಲ್ಲಿ ಹಾಗೆ ಮಾಡುತ್ತಾರಂತೆ. ಅಂಗಡಿಯ ಮುಂದೆ ಹೋಗುತ್ತಿದ್ದ ಒಬ್ಬರು ನಿಂತು ಒಳಗೆ ಇಣುಕಿ ನೋಡಿದರು. ಗುರುರಾಜ್ ಅವತ್ತು ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡ.

ಹೀಗೆ ಅವರ ಬ್ಯಾಂಡು ಶುರುವಾಯಿತು. ಗಿಟಾರು ಗುರುರಾಜನದು. ಡ್ರಮ್ಮಿಗೆ ಹಿರಿಯೂರಿನ ರಂಗಸ್ವಾಮಿ ಬಂದ. ದನಿ ಉಗ್ರಪ್ಪನದು. ಮೂವರೇ. ಹೆಸರು ಕಗ್ಗಲ್ಲು ಎಂದು ಇಟ್ಟುಕೊಂಡರು. ಗಿಟಾರಿಗೆ ಆಂಪ್ಲಿಫೈಯರ್ ಕೊಳ್ಳಲು ಆಗದೆ, ಮದುವೆಗೆ ಕಟ್ಟುವ ಹಳೆಯ ಮೈಕ್‌ಸೆಟ್ಟೊಂದನ್ನು ಉಗ್ರಪ್ಪ ಅದಕ್ಕೆ ಹೊಂದಿಸಿದ. ಅದರ ಸ್ಪೀಕರಿನ ಕಾಗದ ಹರಿದಿತ್ತು. ಬದಲಾಯಿಸೋಣ ಎಂದರೆ ಗುರುರಾಜ್ ಬೇಡವೆಂದ. ಹರಿದದ್ದರಿಂದಲೇ ಚೆನ್ನಾಗಿ ಬರುತ್ತದೆ ಎಂದ.

ಬಾರಿಸಲು ಜಾಗ ಸಿಗಲಿಲ್ಲ. ಎಲ್ಲಿ ಶುರು ಮಾಡಿದರೂ ಅಕ್ಕಪಕ್ಕದವರು ಬಂದು ಬೈಯುತ್ತಿದ್ದರು. ಕೊನೆಗೆ ಬಾಗೂರಿನ ರೇವಣಸಿದ್ದಪ್ಪನವರ ಉಣ್ಣೆ ಗೋದಾಮು ಸಿಕ್ಕಿತು. ಅವರು ಕುರಿ ಉಣ್ಣೆ ಕೊಂಡು ಕಂಬಳಿ ನೇಯುವವರಿಗೆ ಮಾರುತ್ತಿದ್ದರು. ಗೋದಾಮಿನಲ್ಲಿ ಗೋಡೆಯಿಂದ ಗೋಡೆಗೆ, ಸೂರಿನವರೆಗೆ ಉಣ್ಣೆ ಮೂಟೆಗಳು. ಒಳಗೆ ಎಷ್ಟು ಬಡಿದರೂ ಹೊರಗೆ ಕೇಳುತ್ತಿರಲಿಲ್ಲ. ಮೂಟೆಗಳ ನಡುವೆ ಒಂದು ಮಂಚದಷ್ಟು ಜಾಗದಲ್ಲಿ ಮೂವರೂ ನಿಂತು, ಬೆವರಿಗೆ ಮೈತುಂಬ ಉಣ್ಣೆ ಅಂಟಿಸಿಕೊಂಡು ಹೊರಬರುತ್ತಿದ್ದರು. ರೇವಣಸಿದ್ದಪ್ಪನವರು ಅದಕ್ಕೆ ಬಾಡಿಗೆ ಕೇಳಲಿಲ್ಲ. "ಒಂದು ಕ್ಯಾಸೆಟ್ಟು ನನಗೂ ಕೊಡ್ರಪ್ಪ," ಎಂದರು ಅಷ್ಟೆ.

ತೊಂಬತ್ತೇಳರ ಫೆಬ್ರವರಿಯಲ್ಲಿ ಆ ಗೋದಾಮಿನಲ್ಲೇ ಎರಡು ಮೈಕು ನೇತುಹಾಕಿ ಆರು ಹಾಡು ರೆಕಾರ್ಡ್ ಮಾಡಿದರು. ಒಂದೊಂದು ಮುಖಕ್ಕೆ ಮೂರು. ಮೊದಲನೇ ಹಾಡಿನ ಹೆಸರು 'ಹಟ್ಟಿ ಮುಂದೆ'. ಅದರ ಆರಂಭದಲ್ಲಿ ಗಿಟಾರಿಲ್ಲ, ಡ್ರಮ್ಮಿಲ್ಲ. ಸುಮಾರು ಒಂದು ನಿಮಿಷ ಉಗ್ರಪ್ಪನ ಬರಿ ಕೂಗು, ಅವರಪ್ಪ ಸಂಜೆ ಕುರಿ ಕರೆಯುವ ಕೂಗು. ಮಿಕ್ಕ ಐದು ಹಾಡಿನಲ್ಲಿ ಅವನದು ಬರೀ ಗುರುಗುಟ್ಟುವ ದನಿ. ಅದು ಅವನದೆಂದು ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ.

ನೂರು ಕ್ಯಾಸೆಟ್ಟು ಮಾಡುವುದೆಂದು ತೀರ್ಮಾನವಾಯಿತು. ಯಜಮಾನರು ಕಾಪಿ ಮಾಡಿ ಕೊಡುವುದು, ನಾನು ಚೀಟಿ ಅಂಟಿಸಿ ಕಿವಿ ಮುರಿಯುವುದು. ಮೊದಲನೆಯದನ್ನು ಹೇಳಿದ ಹಾಗೇ ಮಾಡಿದೆ. ಚೀಟಿ ಬರೆದೆ, ಎರಡೂ ಕಿವಿ ಮುರಿದೆ. ಅದನ್ನು ರೇವಣಸಿದ್ದಪ್ಪನವರಿಗೆ ಕೊಟ್ಟು ಕಳಿಸಿದೆವು. ಮೂರನೇ ದಿನ ಅವರು ಅಂಗಡಿಗೆ ಬಂದರು. ಯಜಮಾನರು ಇರಲಿಲ್ಲ, ಉಗ್ರಪ್ಪನೂ ಇರಲಿಲ್ಲ.

"ಏನವ್ವ ಜಯವ್ವ, ಕಗಲು ಅಂದ್ರೇನು?"

"ಕಗ್ಗಲ್ಲು ರೀ."

"ಇದರಾಗೆ ಕಗಲು ಅಂತ ಐತೆ. ಒತ್ತು ಎಲ್ಲಿ ಹೋದ್ವು, ಉಗ್ರಪ್ಪ ನುಂಗಿದ್ನಾ?"

ಅವರು ಮುಂದುವರಿಸಿದರು. "ಹೋಗ್ಲಿ. ಒಂದ್ಸಲ ಕೇಳ್ದೆ. ನಮ್ಮ ಮನೆಯಾಕೆ ಇನ್ನೊಂದ್ಸಲ ಹಾಕಿದ್ರೆ ತವರಿಗೆ ಹೋಗ್ತೀನಿ ಅಂದ್ಲು. ಸರಿ, ನಮ್ಮ ಮಠದ ಸ್ವಾಮಿಗಳ ಪ್ರವಚನ ತುಂಬಿಸಿಕೊಳ್ಳಾಣ ಅಂತ ನೋಡಿದ್ರೆ ಬಟನ್ನೇ ಒತ್ತಾಕಾಗಲ್ಲ. ಕೆಟ್ಟ ಕ್ಯಾಸೆಟ್ಟು ಕೊಟ್ಟೀರಲ್ಲ. ಪುಕ್ಕಟೆ ಕೊಟ್ರೂ ಸರಿಯಾದ್ದು ಕೊಡಬೇಕು."

ಕಿವಿ ಮುರಿದದ್ದು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಕೈಯಲ್ಲಿ ಒಂದು ಖಾಲಿ ಕ್ಯಾಸೆಟ್ಟು ಇಟ್ಟೆ. ಹಳೆಯದನ್ನು ವಾಪಸ್ಸು ಕೊಡಿ ಎಂದೆ.

"ಬಿಡವ್ವ, ಮನೇಲೇ ಐತೆ. ಹಾಡಿಕೆಗೆ ಬರದಿದ್ರೆ ತೂಕಕ್ಕಾದ್ರೂ ಬರತೈತೆ," ಎಂದು ಹೊರಟುಹೋದರು. ಚುಚ್ಚಿ ಮಾತಾಡಿದರು ಎಂದುಕೊಂಡೆ.

ಅವತ್ತು ಕೂತು ಯೋಚಿಸಿದೆ. ಒಂದು ಸಲ ಕೇಳಿ ಬೇಡವಾದರೂ ಒಳ್ಳೆಯ ಕ್ಯಾಸೆಟ್ಟು ಮನೆಯಲ್ಲಿ ಉಪಯೋಗಕ್ಕೆ ಬರಬೇಕು. ಕಿವಿ ಮುರಿದರೆ ಅದು ಯಾರಿಗೂ ಬೇಡದ ವಸ್ತುವಾಗುತ್ತದೆ. ಮಿಕ್ಕ ತೊಂಬತ್ತೊಂಬತ್ತರ ಕಿವಿ ನಾನು ಮುರಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕಗ್ಗಲ್ಲಿನ ಒತ್ತುಗಳನ್ನು ಮಾತ್ರ ಸರಿಯಾಗಿ ಬರೆದೆ.

ಹನ್ನೆರಡು ಕ್ಯಾಸೆಟ್ಟುಗಳನ್ನು ಗುರುರಾಜನ ಸ್ನೇಹಿತನೊಬ್ಬ ಬೆಂಗಳೂರಿಗೆ ತೆಗೆದುಕೊಂಡು ಹೋದ. ಉಳಿದವು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ನೆಂಟರ, ಗೆಳೆಯರ ಮನೆ ಸೇರಿದವು. ಬ್ಯಾಂಡು ಎರಡು ವರ್ಷ ನಡೆಯಿತು. ಎರಡು ಕಾಲೇಜಿನ ಕಾರ್ಯಕ್ರಮದಲ್ಲಿ ಹಾಡಿದರು. ಒಂದರಲ್ಲಿ ಪ್ರಿನ್ಸಿಪಾಲರು ಕರೆಂಟು ತೆಗೆಸಿದರು. ಕರೆಂಟು ಹೋದ ಮೇಲೂ ಉಗ್ರಪ್ಪನ ದನಿ ಕೊನೆಯ ಸಾಲಿನವರೆಗೂ ಕೇಳಿತಂತೆ.

ತೊಂಬತ್ತೊಂಬತ್ತರಲ್ಲಿ ಅವನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅವನಿಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಗಡ್ಡೆ ದನಿಯ ನರಕ್ಕೆ ಅಂಟಿಕೊಂಡು ಬೆಳೆದಿತ್ತು. ಅದನ್ನು ತೆಗೆಯುವಾಗ ನರವೂ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಅರಚಿ ಅರಚಿ ಗಡ್ಡೆ ಬಂತು ಎಂದು ಊರವರು ಆಡಿಕೊಂಡರು. ಡಾಕ್ಟರು ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಂದಿನಿಂದ ಉಗ್ರಪ್ಪನಿಗೆ ಪಿಸುಮಾತು ಮಾತ್ರ. ಎದುರು ಕೂತರೆ ಕೇಳುತ್ತದೆ, ಬಾಗಿಲಿಗೆ ಹೋದರೆ ಕೇಳುವುದಿಲ್ಲ.

ಅವನ ಹೆಂಡತಿ ಗಂಗಾ ಹೊಳಲ್ಕೆರೆಯವಳು. ಉಗ್ರಪ್ಪ ಅಲ್ಲಿಗೇ ಹೋಗಿ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದ. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ತಾಮ್ರದ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಸುತ್ತು ಎಣಿಸಬೇಕು, ಮಾತಾಡಬೇಕಾಗಿಲ್ಲ. ಎರಡು ಸಾವಿರದ ಇಸವಿಯಲ್ಲಿ ಮಗಳು ಮೌನಿಕಾ ಹುಟ್ಟಿದಳು. ನಮ್ಮ ಅಂಗಡಿ ಎರಡು ಸಾವಿರದ ನಾಲ್ಕರಲ್ಲಿ ಮುಚ್ಚಿತು. ಕಗ್ಗಲ್ಲಿನ ಮೂಲ ಟೇಪು ಹಳೆಯ ಕ್ಯಾಸೆಟ್ಟುಗಳ ಮೂಟೆಯಲ್ಲಿ ಸೇರಿ ಗುಜರಿಗೆ ಹೋಯಿತು. ಯಜಮಾನರು ಹನ್ನೊಂದರಲ್ಲಿ ತೀರಿಕೊಂಡರು. ಉಗ್ರಪ್ಪ ವರ್ಷಕ್ಕೆ ಎರಡು ಸಲ ನನ್ನ ನೋಡಲು ಬರುವುದನ್ನು ಬಿಡಲಿಲ್ಲ.

ಅವನ ಹೆಸರಿಗೂ ದನಿಗೂ ತಾಳೆಯಾಗದು ಎಂದು ಜನ ನಗುತ್ತಿದ್ದರು. ಮಗಳ ಹೆಸರೂ ಹಾಗೇ ಆಯಿತು. ಮೌನಿಕಾ ಮೌನವಾಗಿದ್ದದ್ದನ್ನು ನಾನು ನೋಡಿಲ್ಲ. ಈಗ ಹೊಸದುರ್ಗದ ಕಡೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿದರೆ ಹೋಟೆಲಿನಲ್ಲಿ ತಿಂಡಿ ತಿನ್ನುವವರು ಎದ್ದು ಬರುತ್ತಾರೆ.

ಎರಡು ವರ್ಷದ ಹಿಂದೆ ಅವಳು ಫೋನು ಹಿಡಿದು ನನ್ನ ಮನೆಗೆ ಬಂದಳು. ಅಪ್ಪನೂ ಜೊತೆಗಿದ್ದ.

"ಅಜ್ಜಿ, ಇದು ಕೇಳು. ಅಪ್ಪನೋ ಜೆಸಿಬಿಯೋ ನೀನೇ ಹೇಳು."

ಕೇಳಿದೆ. ಕಗ್ಗಲ್ಲಿನ ನಾಲ್ಕನೇ ಹಾಡು. ಬೆಂಗಳೂರಿಗೆ ಹೋದ ಹನ್ನೆರಡರಲ್ಲಿ ಒಂದು ಹೇಗೋ ಪೋಲೆಂಡ್ ದೇಶದ ಒಬ್ಬನಿಗೆ ಸಿಕ್ಕಿ, ಅವನು ಅದನ್ನು ಇಂಟರ್‌ನೆಟ್ಟಿಗೆ ಹಾಕಿದ್ದನಂತೆ. ದೇಶ ದೇಶದವರು ಕೇಳಿ, ಇಂಥದ್ದು ಇನ್ನೊಂದಿಲ್ಲ ಎನ್ನುತ್ತಾರಂತೆ. ಆ ಹರಿದ ಸ್ಪೀಕರಿನ ಸದ್ದು ಹೇಗೆ ತಂದರು ಎಂದು ಪುಟಗಟ್ಟಲೆ ಬರೆದಿದ್ದಾರಂತೆ. ಆದರೆ ಅವನಲ್ಲಿದ್ದದ್ದು ಐದೇ ಹಾಡು. ಕ್ಯಾಸೆಟ್ಟಿನ ಆರಂಭವನ್ನು ಯಾವುದೋ ಮಷೀನು ನುಂಗಿಬಿಟ್ಟಿತ್ತು. 'ಹಟ್ಟಿ ಮುಂದೆ' ಎಂಬ ಹೆಸರು ಚೀಟಿಯಲ್ಲಿದೆ, ಹಾಡಿಲ್ಲ. ಅಂಥ ಹಾಡೇ ಇರಲಿಲ್ಲ, ಸುಮ್ಮನೆ ಬರೆದಿದ್ದಾರೆ ಎಂದು ಕೆಲವರ ವಾದ. ಇನ್ನೊಂದು ಕ್ಯಾಸೆಟ್ಟಿಗೆ ಹುಡುಕುತ್ತಿದ್ದಾರೆ, ಎಲ್ಲೂ ಸಿಗುತ್ತಿಲ್ಲ. ನೂರು ಮಾಡಿ ತಾವೇ ಸುಟ್ಟುಹಾಕಿದರು ಎಂದು ಒಬ್ಬನು ಬರೆದಿದ್ದನ್ನು ಮೌನಿಕಾ ಓದಿ ಹೇಳಿದಳು.

"ಅವರಿಗೆ ಹಾಡು ಬೇಕು. ನನಗೆ ಹಾಡು ಬೇಡ," ಎಂದಳು ಮೌನಿಕಾ. "ಮೊದಲನೇದರಾಗೆ ಅಪ್ಪ ಬರಿ ಬಾಯಾಗೆ ಕೂಗಿದ್ದು ಐತಂತಲ್ಲ, ಅದು ಬೇಕು. ಹುಟ್ಟಿದಾಗಿಂದ ಪಿಸಪಿಸ ಕೇಳ್ತಾ ಇದೀನಿ. ಅಪ್ಪನ ದನಿ ಹೆಂಗಿತ್ತು ಅಂತ ನನಗೆ ಗೊತ್ತಿಲ್ಲ."

ಉಗ್ರಪ್ಪ ಅವಳ ಕಡೆ ನೋಡಲಿಲ್ಲ. ನನಗೆ ಕೇಳುವಷ್ಟು ಹತ್ತಿರ ಬಾಗಿ ಹೇಳಿದ. "ಮನೇಲಿ ಒಂದಿತ್ತು ಅಕ್ಕ. ಇವಳು ಹುಟ್ಟಿದ ವಾರಕ್ಕೆ, ಇವಳು ಅಳೋದನ್ನ ಅದರ ಮೇಲೆ ರೆಕಾರ್ಡ್ ಮಾಡ್ದೆ. ಅರ್ಧ ಗಂಟೆ ಅತ್ತಿದ್ಲು. ಇನ್ನೂ ತೊಂಬತ್ತೊಂಬತ್ತು ಅವೆಯಲ್ಲ ಅಂದ್ಕಂಡೆ. ಆದ್ರೆ ಕಿವಿ ಮುರಿದಿದ್ರೆ ರೆಕಾರ್ಡ್ ಹೆಂಗಾತು ಅಂತ ಈಗ ಯೋಚನೆ ಹತ್ತೈತೆ."

ಆಗ ನಾನು ಹೇಳಿದೆ. ಮೊದಲನೆಯದು ಬಿಟ್ಟು ಯಾವುದರ ಕಿವಿಯನ್ನೂ ಮುರಿದಿಲ್ಲ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಮೌನಿಕಾ ನನ್ನನ್ನೇ ನೋಡಿದಳು. ಉಗ್ರಪ್ಪನ ಭುಜಗಳು ಅಲುಗಿದವು. ನಗುತ್ತಿದ್ದಾನೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ಅವನ ನಗೆಗೂ ದನಿಯಿಲ್ಲ.

"ಪೋಲೆಂಡಿನವರಿಗೆ ಬರೀ ಮಗ," ಎಂದ. "ಸುಟ್ಟಿಲ್ಲ, ನಮ್ಮ ಜಯಕ್ಕ ಉಳಿತಾಯ ಮಾಡ್ಯಾಳೆ ಅಂತ."

ಹುಡುಕುವ ಕೆಲಸ ನಾನೇ ವಹಿಸಿಕೊಂಡೆ. ಕ್ಯಾಸೆಟ್ಟು ಯಾರ್ಯಾರಿಗೆ ಹೋಯಿತು ಎಂಬುದು ನನಗೆ ನೆನಪಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿತ್ತು. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಟಿಕೆಟ್ಟು ಕೊಡುತ್ತಾರೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಹೊತ್ತು ಮುಳುಗುವುದರೊಳಗೆ ಎರಡು ಮೂರು ಮನೆಗೆ ಹೋಗಿ ಬರಬಹುದಿತ್ತು. ಕೈಚೀಲದಲ್ಲಿ ಉಗ್ರಪ್ಪ ರಿಪೇರಿ ಮಾಡಿಕೊಟ್ಟ ಸಣ್ಣ ಟೇಪ್‌ರೆಕಾರ್ಡರ್ ಇರುತ್ತಿತ್ತು. ಬಹಳ ಮನೆಗಳಲ್ಲಿ ಕ್ಯಾಸೆಟ್ಟೇ ಉಳಿದಿರಲಿಲ್ಲ. ಹಕ್ಕಿ ಓಡಿಸಲು ಅದರ ಟೇಪನ್ನು ಸಜ್ಜೆ ಹೊಲಕ್ಕೆ ಕಟ್ಟಿದ್ದರು. ಉಳಿದಿದ್ದ ಮನೆಗಳಲ್ಲಿ ಅದರ ಮೇಲೆ ಬೇರೆ ಏನೋ ಇತ್ತು.

ಹಿರಿಯೂರಿನಲ್ಲಿ ಡ್ರಮ್ಮಿನ ರಂಗಸ್ವಾಮಿಯ ಮನೆಗೆ ಹೋದೆ. ಅವನ ಕ್ಯಾಸೆಟ್ಟಿನಲ್ಲಿ ಅವನ ತಾಯಿ ಓಬವ್ವ ಹಾಡಿದ ಸೋಬಾನೆ ಪದಗಳಿದ್ದವು. ಓಬವ್ವ ತೀರಿಕೊಂಡು ಹದಿನೈದು ವರ್ಷವಾಗಿದೆ. ಮನೆಯಲ್ಲಿ ಮದುವೆಯಾದಾಗಲೆಲ್ಲ ಅದನ್ನು ಹಾಕುತ್ತಾರಂತೆ. ಆರತಿ ಪದ ಮುಗಿದ ತಕ್ಷಣ ಗುಡುಗಿನ ಹಾಗೆ ಡ್ರಮ್ಮು, ಅದರ ಮೇಲೆ ಉಗ್ರಪ್ಪ. ಮೂರನೇ ಹಾಡಿನ ಕೊನೆ ಅದು.

"ಇದು ಬಂತು ಅಂದ್ರೆ ಟೇಪ್ ಕೆಟ್ಟೈತೆ, ಬಂದ್ ಮಾಡ್ರಿ ಅಂತಾರೆ ನಮ್ಮನೆ ಹುಡುಗ್ರು," ಎಂದ ರಂಗಸ್ವಾಮಿ. "ಅದು ನಾನೇ ಕಣ್ರೋ ಅಂದ್ರೆ ನಂಬಲ್ಲ. ಅಲ್ಲ ಜಯಕ್ಕ, ಕಿವಿ ಮುರಿದಿದ್ರೆ ನಮ್ಮವ್ವನ ದನಿ ಎಲ್ಲಿರ್ತಿತ್ತು? ಒಳ್ಳೇದೇ ಮಾಡಿದಿ ಬಿಡು."

ಹೊಸದುರ್ಗದಲ್ಲಿ ಗುರುರಾಜ್ ಈಗ ತಂದೆಯ ಗೊಬ್ಬರದಂಗಡಿಯಲ್ಲಿ ಕೂರುತ್ತಾನೆ. ಅವನ ಕ್ಯಾಸೆಟ್ಟಿನಲ್ಲಿ ಮಗಳು ಕಾವ್ಯ ಚಿಕ್ಕವಳಿದ್ದಾಗ ಹೇಳಿದ ಮಗ್ಗಿ ಇತ್ತು. ಹದಿನಾರರ ಮಗ್ಗಿಯಲ್ಲಿ ಎಡವಿ ಅಳು, ಅಲ್ಲಿಂದ ಎರಡನೇ ಹಾಡಿನ ನಡುಭಾಗ. ಗುರುರಾಜ್ ಎರಡು ಸಲ ಕೇಳಿದ. "ಗಿಟಾರು ನಾನು ಬಾರಿಸಿದ್ದು, ಅಲ್ಲಿ ಇಲ್ಲಿ ಕೇಳಿ ಕಲ್ತಿದ್ದು ಅಕ್ಕ. ಆ ಕೂಗು ಮಾತ್ರ ಯಾರ ಹತ್ರಾನೂ ಕಲ್ತಿದ್ದಲ್ಲ," ಎಂದ.

ಹೀಗೆ ಎಂಟು ತಿಂಗಳಲ್ಲಿ ಇಪ್ಪತ್ತಮೂರು ಕ್ಯಾಸೆಟ್ಟು ಕೇಳಿದೆ. ಎಲ್ಲದರಲ್ಲೂ ಕೊನೆ ಸಿಕ್ಕಿತು, ಮೊದಲು ಸಿಗಲಿಲ್ಲ. ಯಾರೇ ರೆಕಾರ್ಡ್ ಮಾಡಿದರೂ ಒಂದನೇ ಮುಖದ ಆರಂಭದಿಂದಲೇ ಮಾಡುತ್ತಾರೆ. ಆದ್ದರಿಂದ ಎಲ್ಲ ಮನೆಯಲ್ಲೂ ಮೊದಲು ಅಳಿಸಿದ್ದು ಉಗ್ರಪ್ಪನ ಕೂಗೇ. ಮೌನಿಕಾ ಪ್ರತಿ ಸಲ ಫೋನು ಮಾಡಿ ಕೇಳುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನು ಬಿಟ್ಟು, "ಊಟ ಆತಾ ಅಜ್ಜಿ," ಎಂದಷ್ಟೇ ಹೇಳಿ ಇಡುತ್ತಿದ್ದಳು.

ಕಿವಿ ಮುರಿದ ಆ ಒಂದನ್ನು ನಾನು ಮರೆತಿರಲಿಲ್ಲ. ಆದರೆ ರೇವಣಸಿದ್ದಪ್ಪನವರು ಗೋದಾಮು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಬಾಗೂರಿಗೆ ಹೋಗಿ ಅವರ ಸೊಸೆ ಸರ್ವಮಂಗಳಳನ್ನು ವಿಚಾರಿಸಿದ್ದೆ. ಮನೆಯಲ್ಲಿ ಒಂದೂ ಕ್ಯಾಸೆಟ್ಟಿಲ್ಲ, ಎಲ್ಲ ಎಸೆದೆವು ಎಂದಿದ್ದಳು. ಮಾವ ಮಲಗಿದ್ದಾರೆ ಎಂದದ್ದಕ್ಕೆ ಎಬ್ಬಿಸಬೇಡ ಎಂದು ಬಂದಿದ್ದೆ.

ಒಂದು ದಿನ ದುರ್ಗದ ಸಂತೆಯಲ್ಲಿ ಈರುಳ್ಳಿ ಕೊಳ್ಳುತ್ತಿದ್ದೆ. ಮಾರುವವಳ ತಕ್ಕಡಿಯ ಒಂದು ತಟ್ಟೆ ಹಗುರವಿತ್ತು. ಅದು ಸಮ ಬರಲೆಂದು ಅದರ ಅಡಿಗೆ ಒಂದು ಕಲ್ಲು ಕಟ್ಟಿದ್ದಳು. ಆ ಕಲ್ಲನ್ನು ನೋಡುತ್ತಾ ನಿಂತೆ. ತೂಕಕ್ಕಾದರೂ ಬರುತ್ತದೆ ಎಂದು ರೇವಣಸಿದ್ದಪ್ಪನವರು ಅವತ್ತು ಹೇಳಿದ್ದು ಚುಚ್ಚುಮಾತಲ್ಲದೆ ಇದ್ದರೂ ಇರಬಹುದು ಎನಿಸಿತು. ಈರುಳ್ಳಿ ತೆಗೆದುಕೊಂಡು ಮನೆಗೆ ಬಂದು ಉಗ್ರಪ್ಪನಿಗೆ ಫೋನು ಮಾಡಿಸಿದೆ.

ಮೌನಿಕಾಳಿಗೆ ರಜೆಯಿದ್ದ ದಿನ ಮೂವರೂ ಬಾಗೂರಿಗೆ ಹೋದೆವು. ರೇವಣಸಿದ್ದಪ್ಪನವರಿಗೆ ಈಗ ಎಂಬತ್ತೆಂಟು. ಕಣ್ಣು ಮಸುಕು. ರಸ್ತೆಗೆ ಹತ್ತಿಕೊಂಡ ಜಗಲಿಯ ಮೇಲೆ ಕೂತಿದ್ದರು.

"ಯಾರವ್ವ?"

"ದುರ್ಗದ ಕ್ಯಾಸೆಟ್ ಅಂಗಡಿ ಜಯವ್ವ ರೀ."

"ಓ, ಕಗಲು ಜಯವ್ವ. ಬರ್ರಿ, ಕುಂತ್ಕಳ್ರಿ. ಜೊತೆಗೆ ಯಾರು?"

"ಉಗ್ರಪ್ಪ, ಅವನ ಮಗಳು."

"ಉಗ್ರಪ್ಪ ಅಂತೀಯ, ಮಾತೇ ಇಲ್ಲ."

ಉಗ್ರಪ್ಪ ಹತ್ತಿರ ಹೋಗಿ ಅವರ ಕಾಲು ಮುಟ್ಟಿದ. ದನಿ ಹೋದ ವಿಷಯ ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಅವನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. ಉಣ್ಣೆ ತಕ್ಕಡಿ ಎಲ್ಲಿದೆ ಎಂದು ಕೇಳಿದೆ.

ಅವರೇ ಗೋಡೆ ತಡವಿಕೊಂಡು ನಮ್ಮನ್ನು ಹಿಂದಿನ ಕೋಣೆಗೆ ಕರೆದೊಯ್ದರು. ತಕ್ಕಡಿ ಅಲ್ಲಿ ತೊಲೆಗೆ ನೇತುಬಿದ್ದಿತ್ತು. ಈಗಲೂ ಸರ್ವಮಂಗಳ ಅದರಲ್ಲಿ ಕೊಬ್ಬರಿ ತೂಗುತ್ತಾಳೆ. ಎಡಗಡೆ ತಟ್ಟೆಯ ಅಡಿಯಲ್ಲಿ, ಹಳೆ ಕಂಬಳಿಯ ತುಂಡಿನಲ್ಲಿ ಸುತ್ತಿ ಹುರಿಯಿಂದ ಕಟ್ಟಿದ್ದ ಒಂದು ಚೌಕದ ಗಂಟು. ಮೌನಿಕಾ ಕೈಚಾಚಿದಳು.

"ಮುಟ್ಟಬ್ಯಾಡ ತಾಯಿ," ಎಂದರು ರೇವಣಸಿದ್ದಪ್ಪನವರು. ಕಣ್ಣು ಕಾಣದಿದ್ದರೂ ತಟ್ಟೆಯ ಸರಪಳಿ ಅಲುಗಿದ್ದು ಅವರಿಗೆ ಕೇಳಿತ್ತು. "ಅದು ಬಿಚ್ಚಿದ್ರೆ ತಕ್ಕಡಿ ಸುಳ್ಳು ಹೇಳತೈತೆ. ನಲವತ್ತು ವರ್ಷ ಯಾಪಾರ ಮಾಡೀನಿ, ನನ್ನ ತಕ್ಕಡಿ ಸುಳ್ಳು ಅಂತ ಒಬ್ರೂ ಅಂದಿಲ್ಲ."

"ತಾತ, ಬೇರೆ ಏನಾದ್ರೂ ಕಟ್ಟಿಕೊಡ್ತೀವಿ," ಎಂದಳು ಮೌನಿಕಾ. ಅವತ್ತು ಅವಳ ದನಿಯೂ ಸಣ್ಣಗಿತ್ತು.

"ಕಲ್ಲು ಕಟ್ಟಿ ನೋಡೀನಿ. ಒಂದು ಹೆಚ್ಚು, ಒಂದು ಕಮ್ಮಿ. ಅದೊಂದೇ ಸರಿಯಾಗಿ ಕುಂತಿದ್ದು."

ಉಗ್ರಪ್ಪ ಚೀಲದಿಂದ ತಾಮ್ರದ ತಂತಿಯ ಉಂಡೆ ತೆಗೆದ. ಮೋಟಾರಿಗೆ ಸುತ್ತುವ ತಂತಿ, ಅವನ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ತಕ್ಕಡಿಯ ಮುಳ್ಳು ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ. ಗಂಟು ಬಿಚ್ಚಿ ಮಗಳ ಕೈಗೆ ಕೊಟ್ಟು, ಆ ಜಾಗಕ್ಕೆ ತಂತಿ ಸುತ್ತುತ್ತಾ ಹೋದ. ಮುಳ್ಳು ಗುರುತು ದಾಟಿದಾಗ ಎರಡು ಸುತ್ತು ಬಿಚ್ಚಿದ, ಅರ್ಧ ಸುತ್ತು ಹಾಕಿದ, ಕತ್ತರಿಸಿದ. ಸರ್ವಮಂಗಳ ಎರಡೂ ತಟ್ಟೆಗೆ ಒಂದೊಂದು ಕೆಜಿ ಕಲ್ಲು ಇಟ್ಟಳು. ಮುಳ್ಳು ನೇರ ನಿಂತಿತು.

"ಸರಿ ಐತಾ?" ಎಂದರು ರೇವಣಸಿದ್ದಪ್ಪನವರು.

"ಮೊದಲಿಗಿಂತ ಸರಿ ಐತೆ ಮಾವ."

"ಮೊದಲೂ ಸರೀನೇ ಇತ್ತು," ಎಂದರು.

ಕಂಬಳಿ ತುಂಡಿನೊಳಗೆ ಕ್ಯಾಸೆಟ್ಟು ಡಬ್ಬಿಯ ಸಮೇತ ಇತ್ತು. ಚೀಟಿ ಹಳದಿಯಾಗಿತ್ತು. ಕಗಲು ಎಂದು ನನ್ನ ಅಕ್ಷರ. ಅದರ ಬೆನ್ನು ತಿರುಗಿಸಿ ನೋಡಿದೆ, ಎರಡೂ ಕಿವಿ ಇರಲಿಲ್ಲ.

ಹಾಗೇ ಹಾಕಲು ಉಗ್ರಪ್ಪ ಬಿಡಲಿಲ್ಲ. ಟೇಪನ್ನು ಒತ್ತಿ ಹಿಡಿಯುವ ಒಳಗಿನ ಸಣ್ಣ ಮೆತ್ತೆ ಉದುರಿಹೋಗಿತ್ತು. ಸುತ್ತಿದ್ದ ಕಂಬಳಿಯ ಅಂಚಿನಿಂದಲೇ ಒಂದು ಎಳ್ಳಿನಷ್ಟು ಕತ್ತರಿಸಿ, ಆ ಜಾಗಕ್ಕೆ ಅಂಟಿಸಿದ. ಅಂಟು ಒಣಗುವವರೆಗೆ ಸರ್ವಮಂಗಳ ಕಾಫಿ ಮಾಡಿ ತಂದಳು. ಪೆನ್ಸಿಲ್ ತೂರಿಸಿ ಟೇಪನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಒಂದು ಸಲ ಸುತ್ತಿದ. ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. ಎಲ್ಲರೂ ಜಗಲಿಗೆ ಬಂದ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಬಟನ್ ಒತ್ತಿದ.

ಸ್ವಲ್ಪ ಹೊತ್ತು ಬರಿ ಸುಯ್ ಎನ್ನುವ ಸದ್ದು. ಆಮೇಲೆ ಯಾರೋ ಕೆಮ್ಮಿದರು. ಅದು ನಮ್ಮ ಯಜಮಾನರ ಕೆಮ್ಮು. ಅವರು ರೆಕಾರ್ಡ್ ಮಾಡುತ್ತಾ ಅಲ್ಲೇ ನಿಂತಿದ್ದರು ಎಂಬುದನ್ನು ನಾನು ಯೋಚಿಸಿರಲಿಲ್ಲ. ಆಮೇಲೆ ಕೂಗು ಬಂತು. ಕೆಳಗಿನಿಂದ ಹೊರಟಿತು, ನಡುವೆ ಸೀಳಿತು, ಮೇಲಕ್ಕೆ ಹೋಗಿ ನಿಂತಿತು. ಮತ್ತೊಂದು ಸಲ. ಮತ್ತೊಂದು ಸಲ.

ರೇವಣಸಿದ್ದಪ್ಪನವರು ರಸ್ತೆಯ ಕಡೆ ಮುಖ ತಿರುಗಿಸಿದರು. "ಇದೇನೇ ಸರ್ವಮಂಗಳ, ಹನ್ನೆರಡೂವರೆ ಬಸ್ಸು ಈಗ ಬಂತಾ?"

"ಬಸ್ಸಿಲ್ಲ ಮಾವ, ಟೇಪು."

"ಸುಳ್ಳು ಹೇಳಬ್ಯಾಡ. ದಿನಾ ಕೇಳ್ತೀನಿ ನಾನು. ಬಾಗೂರು ಬಾಗೂರು ಅಂತ ನಮ್ಮ ಬಾಗಿಲ ಮುಂದೆ ಕೂಗ್ತಾಳಲ್ಲ ಕಂಡಕ್ಟರವ್ವ, ಅವಳ ದನಿ ಅದು."

ಗಿಟಾರು ಶುರುವಾಯಿತು. ಉಗ್ರಪ್ಪ ಅಲ್ಲಿಗೆ ನಿಲ್ಲಿಸಿದ.

ಮೌನಿಕಾ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ತಾತ, ಕಂಡಕ್ಟರು ನಾನೇ," ಎಂದಳು.

"ಮತ್ತೆ ಟೇಪಿನಾಗೆ ಯಾರು?"

"ನಮ್ಮಪ್ಪ."

"ಅಪ್ಪನೋ ಮಗಳೋ, ದನಿ ಒಂದೇ ಐತಲ್ಲ," ಎಂದರು ಅವರು. "ಇನ್ನೊಂದ್ಸಲ ಹಾಕ್ರಿ."

ಉಗ್ರಪ್ಪ ಬೇಡವೆಂದು ತಲೆಯಾಡಿಸಿದ. ಹಳೆಯ ಟೇಪು, ಮೊದಲು ಕಾಪಿ ಮಾಡಬೇಕು ಎಂದು ಪಿಸುಗುಟ್ಟಿದ್ದನ್ನು ಮೌನಿಕಾ ಜೋರಾಗಿ ಹೇಳಿದಳು. ಚಿಕ್ಕವಳಿದ್ದಾಗಿನಿಂದ ಅಪ್ಪನ ಮಾತನ್ನು ಹೊರಗಿನವರಿಗೆ ಅವಳೇ ಹೇಳುವುದು. ನನಗೆ ಅದು ಅಷ್ಟು ದಿನ ವಿಶೇಷವೆನಿಸಿರಲಿಲ್ಲ.

ಮರುದಿನ ಹೊಳಲ್ಕೆರೆಯ ಅಂಗಡಿಯಲ್ಲಿ ನನ್ನ ಎದುರೇ ಉಗ್ರಪ್ಪ ಕಾಪಿ ಮಾಡಿದ. ಹಾಡನ್ನು ಪೋಲೆಂಡಿನವನಿಗೂ ಕಳಿಸಿದರು. ಅವನು ಆರೂ ಹಾಡನ್ನು ಸೇರಿಸಿ ಕಪ್ಪು ತಟ್ಟೆಯ ರೆಕಾರ್ಡು ಮಾಡಿಸುತ್ತಾನಂತೆ. ಅದರ ಮೇಲೆ ಚೀಟಿಯ ಫೋಟೋ ಹಾಕಲು ಕೇಳಿದ್ದಾನೆ. ಒತ್ತು ಸರಿಮಾಡಿ ಬರೆದುಕೊಡುತ್ತೇನೆ ಎಂದೆ. ಬೇಡವಂತೆ, ಇದ್ದ ಹಾಗೇ ಬೇಕಂತೆ.

ಮೌನಿಕಾಳಿಗೆ ಬೇರೆ ಒಂದು ಕ್ಯಾಸೆಟ್ಟು. ಅದರಲ್ಲಿ ಹಾಡಿಲ್ಲ, ಬರಿ ಕೂಗು. ಅದನ್ನು ನನ್ನ ಮುಂದಿಟ್ಟು ಉಗ್ರಪ್ಪ ಸ್ಕ್ರೂಡ್ರೈವರ್ ಕೊಟ್ಟ. ಕನ್ನಡಕ ಹಾಕಿಕೊಂಡು ಎರಡೂ ಕಿವಿ ಮುರಿದೆ. ಒಂದು ಚೂರು ಮೇಜಿನ ಮೇಲೆ ಬಿತ್ತು. ಇನ್ನೊಂದು ಹಾರಿ ತಂತಿಗಳ ನಡುವೆ ಎಲ್ಲೋ ಹೋಯಿತು. ನಾವು ಹುಡುಕಲಿಲ್ಲ.